ತರಕಾರಿಗೂ ಉಸಿರುಂಟು

ಸೂಪರ್ ಮಾರ್ಕೆಟಿನ ಸೌತೆಕಾಯಿ ಪ್ಲಾಸ್ಟಿಕ್ ಹೊದ್ದಿರುವುದೇಕೆ? ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಹೊದಿಕೆ ಆ ನೀರನ್ನು ತಡೆಯುವುದರಿಂದ ಸೌತೆ ಬೇಗ ಬಾಡದು, ಇದು ನಿಜ. ಆದರೆ ಒಳಗೇ ನಿಂತ ಅದೇ ತೇವ ಸೊಪ್ಪನ್ನು ಕೊಳೆಸುತ್ತದೆ. ಪಾರದರ್ಶಕ ಚೀಲದಲ್ಲಿ ಬೆಳಕಿಗಿಟ್ಟ ಆಲೂಗಡ್ಡೆ ಹಸಿರಾಗುತ್ತದೆ. ಅದರೊಡನೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ.

ಕೆಲವೇ ದಿನ ಬಾಳುವ ಸೌತೆಗೆ ತಲೆಮಾರು ಕಳೆದರೂ ಮಣ್ಣಾಗದ ಹೊದಿಕೆ! ಮೋರಿಗೆಸೆದದ್ದು ಕೊನೆಗೆ ಹೊಳೆ ಸೇರುತ್ತದೆ. ನಮ್ಮ ಹೊಳೆ ತುಂಗಭದ್ರೆ. ಹರಿಹರದ ಬಳಿ ಅದರ ನೀರೆತ್ತಿ ದಾವಣಗೆರೆಯೂ ಕುಡಿಯುತ್ತದೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಆದರೆ ಅಡುಗೆಮನೆಯ ಕಾವಲು ಕಾನೂನಿನದಲ್ಲ, ನಮ್ಮ ಮನಸ್ಸಾಕ್ಷಿಯದು. ಈ ವಾರ ಸಂತೆಗೆ ಬಟ್ಟೆಚೀಲ ಒಯ್ಯಿರಿ. ಅದನ್ನು ಮಕ್ಕಳ ಕೈಗೇ ಕೊಡಿ.