ಹೆಸರು ಏರಿಸುವ ಮೊದಲು

ತಮ್ಮಾ, ಸೊಸೈಟಿಯ ಸದಸ್ಯರ ಪಟ್ಟಿಯನ್ನು ಲೆಡ್ಜರಿನಿಂದ ಕಂಪ್ಯೂಟರಿಗೆ ಏರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ. ಮೇಲಿನಿಂದ ಬಂದ ನಮೂನೆಯಲ್ಲಿ ಮೊದಲ ಹೆಸರು, ನಡು ಹೆಸರು, ಕೊನೆ ಹೆಸರು ಅಂತ ಮೂರು ಖಾನೆ ಇವೆಯಂತೆ. ಸಿರುಗುಪ್ಪ ಸೀಮೆಯ ಹೆಸರುಗಳನ್ನು ಅವುಗಳಲ್ಲಿ ತುರುಕಬೇಡ.

• ಆಧಾರಿನಲ್ಲಿ ಇದ್ದಂತೆ ಇಡೀ ಹೆಸರನ್ನು ಒಂದೇ ಖಾನೆಯಲ್ಲಿ ಬರೆ. ಅಕ್ಷರವಾರು ಜೋಡಿಸಲು ಬೇರೊಂದು ಖಾನೆ ಮಾಡಿಕೊ. ಅಲ್ಲಿ ಇನಿಷಿಯಲ್ ಬಿಟ್ಟು ಬರೀ ಹೆಸರು ಇರಲಿ.

• ಇನಿಷಿಯಲ್ ಅಂದರೆ ಊರು, ತಂದೆ ಅಂತ ಮೈಸೂರು ಕಡೆಯವರು ತಿಳಿಯುತ್ತಾರೆ. ನಮ್ಮಲ್ಲಿ ಎಲ್ಲರದೂ ಹಾಗಲ್ಲ. ಈಗ ಆಂಧ್ರದಲ್ಲಿರುವ ಆದೋನಿ, ಆಲೂರು ಮತ್ತು ನಮ್ಮ ಸಿರುಗುಪ್ಪ ಮೂರೂ 1953ರವರೆಗೆ ಮದ್ರಾಸಿನ ಕೆಳಗೆ ಒಂದೇ ಜಿಲ್ಲೆ. ಜಿಲ್ಲೆ ಒಡೆದರೂ ನೆಂಟಸ್ತಿಕೆ ಒಡೆಯಲಿಲ್ಲ. ಹಾಗಾಗಿ ‘ಕೆ. ವೀರೇಶ’ನ ‘ಕೆ’ ತೆಲುಗರ ಇಂಟಿಪೇರು, ಅಂದರೆ ಮನೆತನದ ಹೆಸರಿನದೂ ಇರಬಹುದು, ‘ಕುಂಬಾರ’ ಅನ್ನುವುದರ ಮೊದಲಕ್ಷರವೂ ಇರಬಹುದು. ಕೇಳಿ ತಿಳಿದುಕೊ. ಒಂದೇ ಇನಿಷಿಯಲ್ಲನ್ನು ಒಬ್ಬರು ‘ಎಚ್.’, ಇನ್ನೊಬ್ಬರು ‘ಹೆಚ್.’ ಅಂತ ಬರೆಸಿರುತ್ತಾರೆ, ಇನಿಷಿಯಲ್ ಸೇರಿಸಿ ಜೋಡಿಸಿದರೆ ಅಣ್ಣ ಪಟ್ಟಿಯ ತಲೆಗೆ, ತಮ್ಮ ಬಾಲಕ್ಕೆ ಹೋಗುತ್ತಾರೆ.

• ತೆಕ್ಕಲಕೋಟೆಯಲ್ಲಾಗಲಿ ಹಚ್ಚೊಳ್ಳಿಯಲ್ಲಾಗಲಿ ‘ಹುಲುಗಪ್ಪ’ ಅಂತ ಕೂಗಿ ನೋಡು, ಎಷ್ಟು ಜನ ತಿರುಗುತ್ತಾರೆ! ತಂದೆ ಹೆಸರು ಸೇರಿಸಿದರೆ ಸಾಕು ಅಂದುಕೊಂಡೀಯ. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ತಾತನೂ ‘ಮಾರೆಪ್ಪ ತಂದೆ ಹುಲುಗಪ್ಪ’, ಮೊಮ್ಮಗನೂ ‘ಮಾರೆಪ್ಪ ತಂದೆ ಹುಲುಗಪ್ಪ’. ಊರು ಒಂದೇ, ಮನೆ ನಂಬರೂ ಒಂದೇ. ತಾತನ ಬೆಳೆಸಾಲ ಮೊಮ್ಮಗನ ತಲೆಗೆ ಬೀಳಬಾರದು ಅಂದರೆ ಪ್ರತಿಯೊಬ್ಬರಿಗೂ ಬೇರೆ ಸದಸ್ಯ ಸಂಖ್ಯೆ ಬೇಕು, ಹುಟ್ಟಿದ ತಾರೀಖೂ ಬೇಕು.

• ಹೆಣ್ಣುಮಕ್ಕಳಿಗೆ ‘ತಂದೆ’, ‘ಗಂಡ’ ಎಂಬ ಸಂಬಂಧದ ಖಾನೆ ಬೇರೆಯೇ ಇರಲಿ. ಹಳೆ ಪಹಣಿಯ ‘ಬಿನ್’, ‘ಕೋಂ’ಗಳನ್ನು ಹೆಸರಿನ ಭಾಗ ಅಂತ ಏರಿಸಿಬಿಟ್ಟೀಯ.

• ಈರಣ್ಣನನ್ನು ವೀರಣ್ಣ, ಎಂಕಪ್ಪನನ್ನು ವೆಂಕಪ್ಪ ಅಂತ ತಿದ್ದಬೇಡ. ನಿನ್ನ ವ್ಯಾಕರಣಕ್ಕಿಂತ ಅವರ ಆಧಾರ್ ದೊಡ್ಡದು. ಹುಡುಕಲು ಅನುಕೂಲವಾಗಲಿ ಅಂತ ‘ಇನ್ನೊಂದು ರೂಪ’ದ ಖಾನೆ ಇಟ್ಟುಕೊ. ಎರ್ರಿಸ್ವಾಮಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ‘ಇ’ಯಿಂದ, ಇನ್ನೊಬ್ಬರು ‘ವೈ’ಯಿಂದ ಬರೆಯುತ್ತಾರೆ.

• ಹೆಸರು ನೋಡಿ ಜಾತಿ-ಧರ್ಮದ ಖಾನೆ ತುಂಬಬೇಡ. ಮೊಹರಂಗೆ ಹರಕೆ ಹೊತ್ತು ಹುಸೇನಪ್ಪ, ಫಕೀರಪ್ಪ ಅಂತ ಹೆಸರಿಟ್ಟ ಹಿಂದೂ ಮನೆಗಳು ಈ ಕಡೆ ಬೇಕಾದಷ್ಟಿವೆ.

• ಹಳೆಯ ನುಡಿ ಫಾಂಟಿನ ಫೈಲುಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸು. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಜೋಡಿಸಿದರೆ ಬರುವ ಕ್ರಮ ದೇವರಿಗೇ ಪ್ರೀತಿ.

• ಯೂನಿಕೋಡಾದರೂ ಸಂಕೇತದ ಕ್ರಮದಲ್ಲಿ ‘ಳ’ ಕೂತಿರುವುದು ‘ಲ’ದ ಪಕ್ಕ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ. ಕಾಳಪ್ಪ ಕಾಶಪ್ಪನಿಗಿಂತ ಮೊದಲು ಬಂದರೆ ಗಾಬರಿಯಾಗಬೇಡ. ಡೇಟಾಬೇಸಿನಲ್ಲಿ ಕನ್ನಡ ವಿಂಗಡಣೆಯ ಆಯ್ಕೆ ಇದೆಯೇ ನೋಡು.

• ‘ಮಹಬೂಬ್‌ಸಾಬ್’ನಲ್ಲಿ ‘ಸ’ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಜಾಗ ಬಿಟ್ಟರೆ ಹುಡುಕಿದಾಗ ಒಬ್ಬನೇ ಸಿಗುತ್ತಾನೆ. ಜೋಡಣೆಯ ಖಾನೆಯಲ್ಲಿ ಆ ಸಂಕೇತ, ಚುಕ್ಕಿ, ಜಾಗ ಎಲ್ಲ ತೆಗೆದುಬಿಡು.

• ಕುರುಗೋಡು ಈಗ ಬೇರೆ ತಾಲ್ಲೂಕು. ಹೊಸಪೇಟೆ 2021ರಿಂದ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇಲ್ಲ. ಊರು, ತಾಲ್ಲೂಕುಗಳನ್ನು ಕೈಯಲ್ಲಿ ಬರೆಯದೆ ಪಟ್ಟಿಯಿಂದ ಆರಿಸು.

• ಮುಗಿದ ಮೇಲೆ ಸದಸ್ಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು ಮಾತ್ರ ಇರುವ ಪ್ರತಿ ತೆಗೆದು ಸೊಸೈಟಿ ಗೋಡೆಗೆ ಅಂಟಿಸು, ಆಧಾರ್ ನಂಬರ್ ಬೇಡ. ಭತ್ತದ ಕೊಯ್ಲು ಮುಗಿದ ಮೇಲೆ ಅಂಟಿಸಿದರೆ ಒಳ್ಳೆಯದು, ಓದಲು ಜನ ಬಿಡುವಾಗಿರುತ್ತಾರೆ. ಯಾರು ತಪ್ಪು ತೋರಿಸಿದರೂ ಮೊದಲು ದಾಖಲೆಯೊಂದಿಗೆ ತಾಳೆ ನೋಡು, ಆಮೇಲೆ ತಿದ್ದು.