ಮೆಣಸಿನಕಾಯಿ ಬಿಡಿಸುವಾಗ ಕಲಿತ ಪಾಠ

ಈ ಸಲ ನಾನು ವರ್ಣಾಂಧತೆಯ ಬಗ್ಗೆ ಬರೆದಿದ್ದೇನೆ.

ಹೋದ ವರ್ಷ ಹೊಲದಲ್ಲಿ ಅವ್ವ, "ಕೆಂಪಗಾದ ಮೆಣಸಿನಕಾಯಿ ಮಾತ್ರ ಬಿಡಿಸ್ರೋ" ಅಂದಳು. ನನ್ನ ತಮ್ಮ ಒಂದೊಂದನ್ನೂ ಹಿಚುಕಿ ನೋಡುತ್ತಾ ನಿಧಾನವಾಗಿ ಬಿಡಿಸಿದ. ಆದರೂ ಅವನ ಪುಟ್ಟಿಯಲ್ಲಿ ಅರ್ಧ ಹಸಿರು ಕಾಯಿ! "ಸೋಮಾರಿ, ಕಣ್ಣು ಕಾಣಲ್ವಾ?" ಅಂತ ಎಲ್ಲರ ಮುಂದೆ ಬೈದೆ. ಅವನು ಅಳುತ್ತಾ ಮನೆಗೆ ಹೋದ. ಆಗ ಸೋದರಮಾವ, "ಬೈಬೇಡಪ್ಪ, ನನಗೂ ಎಲೆ, ಹಣ್ಣು ಒಂದೇ ತರ ಕಾಣೋದು" ಅಂದರು.

ವಿಜ್ಞಾನದ ಗುರುಗಳನ್ನು ಕೇಳಿದೆ. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಬೇರೆ ತರ ಇದ್ದರೆ ಕೆಂಪು, ಹಸಿರು ಬೇರೆ ಮಾಡುವುದು ಕಷ್ಟ. ಇದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಹೆಣ್ಣುಮಕ್ಕಳಿಗೆ ಎರಡು, ಒಂದು ಸರಿಯಿದ್ದರೆ ಸಾಮಾನ್ಯವಾಗಿ ಸಾಕು. ಅದಕ್ಕೇ ಮಾವನಿಗೂ ಇದೆ, ತಮ್ಮನಿಗೂ ಇದೆ, ಅವ್ವನಿಗಿಲ್ಲ. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಜನರಿಗೆ, ಹೆಂಗಸರಲ್ಲಿ 200ಕ್ಕೆ ಸುಮಾರು ಒಬ್ಬರಿಗೆ ಹೀಗಿರುತ್ತದೆ.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ನಮಗೆಲ್ಲ ಗೊತ್ತು. ಅವರಿಗೂ, ಅವರ ಅಣ್ಣನಿಗೂ ಇದೇ ಇತ್ತು! 1794ರಲ್ಲಿ ಅವರು ಇದನ್ನು ವಿವರಿಸಿದರು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಅಂತ ಅವರು ನಂಬಿದ್ದರು. 1844ರಲ್ಲಿ ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಕಣ್ಣು ಪರೀಕ್ಷಿಸಿದರು, ದ್ರವ ತಿಳಿಯಾಗಿತ್ತು. ಉಳಿಸಿಟ್ಟ ಆ ಕಣ್ಣಿನ ಡಿಎನ್‌ಎಯನ್ನು 1995ರಲ್ಲಿ ಪರೀಕ್ಷಿಸಿದಾಗ ನಿಜವಾದ ಕಾರಣ ಸಿಕ್ಕಿತು: ಹಸಿರು ಗ್ರಹಿಸುವ ಬಗೆಯೇ ಅವರಿಗಿರಲಿಲ್ಲ.

ಈಗ ಯೋಚಿಸಿ. ತಮ್ಮ ನಿಧಾನ ಮಾಡಿದ್ದು ಸೋಮಾರಿತನದಿಂದಲ್ಲ. ಕಣ್ಣಿಗೆ ತಿಳಿಯದ್ದನ್ನು ಬೆರಳಿನಿಂದ ತಿಳಿಯಲು ನೋಡುತ್ತಿದ್ದ. ದೇಹದ ಒಂದು ಸಣ್ಣ ವ್ಯತ್ಯಾಸ ನಾವು ಕೆಲಸ ಮಾಡುವ ರೀತಿಯನ್ನೇ ಬದಲಿಸುತ್ತದೆ. ಆದರೆ ಅವನು ಅಳುವಂತೆ ಮಾಡಿದ್ದು ಕಣ್ಣಲ್ಲ, ನನ್ನ ಮಾತು. ಮನೆಗೆ ಹೋಗಿ ತಪ್ಪಾಯ್ತು ಅಂದೆ. ಈಗ ನಾನು ಬಿಡಿಸುತ್ತೇನೆ, ಅವನು ಚೀಲ ತುಂಬುತ್ತಾನೆ.

ಗುರುಗಳಲ್ಲಿ ಒಂದು ವಿನಂತಿ. ಕಪ್ಪು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಬರೆದದ್ದು ಕೆಲವರಿಗೆ ಸರಿಯಾಗಿ ಕಾಣದಿರಬಹುದು. ನಕ್ಷೆಯಲ್ಲಿ ಬಣ್ಣದ ಜೊತೆಗೆ ಹೆಸರೂ ಬರೆಸಿ. ಗೆಳೆಯರೇ, ಯಾರಾದರೂ ಬಣ್ಣ ತಪ್ಪು ಹೇಳಿದರೆ ನಗಬೇಡಿ. ಮೊದಲು, "ನಿನಗೆ ಹೇಗೆ ಕಾಣ್ತದೆ?" ಅಂತ ಕೇಳಿ.