ಆರೈಕೆ ಮಾಡುವವರ ಮಾತು ಕೇಳುವವರಾರು?



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ನಮ್ಮ ಕುಟುಂಬಗಳಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ, ವೃದ್ಧಾಶ್ರಮ, ವಿಶೇಷ ಮಕ್ಕಳ ಶಾಲೆಗಳಲ್ಲಿ ದುಡಿಯುವವರು ಎಷ್ಟೋ ಮಂದಿ ಇದ್ದಾರೆ. ಭಾನುವಾರದ ಮೊದಲ ಪೂಜೆಗೆ ಬರುವವರಲ್ಲಿ ಕೆಲವರು ರಾತ್ರಿ ಪಾಳಿ ಮುಗಿಸಿ, ಬಸ್ಸಿಳಿದು, ನೇರವಾಗಿ ದೇವಾಲಯಕ್ಕೆ ಬಂದವರೇ ಆಗಿರುತ್ತಾರೆ.

ಇಂಥ ಸಂಸ್ಥೆಗಳಲ್ಲಿ ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇರುವವರು ಯಾರು? ದೊಡ್ಡ ವೈದ್ಯರಲ್ಲ, ವ್ಯವಸ್ಥಾಪಕರೂ ಅಲ್ಲ. ಹಾಸಿಗೆ ಬದಲಿಸುವ ಆಯಾ, ಮಾತ್ರೆ ಕೊಡುವ ನರ್ಸ್, ಊಟ ಬಡಿಸುವವರು, ನೆಲ ಒರೆಸುವವರು. ಅಜ್ಜಿಯೊಬ್ಬರು ಮೂರು ದಿನದಿಂದ ಅನ್ನ ಮುಟ್ಟಿಲ್ಲ ಎಂಬುದು ಮೊದಲು ತಿಳಿಯುವುದು ತಟ್ಟೆ ತೆಗೆಯುವವರಿಗೆ. ಬಚ್ಚಲಿನ ನೆಲ ಜಾರುತ್ತದೆಂದು ಮೊದಲು ತಿಳಿಯುವುದು ಅದನ್ನು ತೊಳೆಯುವವರಿಗೆ. ಆದರೆ ಅವರು ಹೇಳುವುದು ಯಾರಿಗೆ? "ನಿನ್ನ ಕೆಲಸ ನೀನು ನೋಡಿಕೋ" ಎಂಬ ಉತ್ತರ ಒಮ್ಮೆ ಸಿಕ್ಕಿದರೆ ಸಾಕು, ಎರಡನೆಯ ಸಲ ಬಾಯಿ ತೆರೆಯುವುದಿಲ್ಲ. ಆ ಮೌನದ ಬೆಲೆ ತೆರುವವರು ಹಾಸಿಗೆಯಲ್ಲಿ ಮಲಗಿರುವವರು.

ಈ ಮೌನವನ್ನು ಮುರಿಯಲು ಇರುವ ಒಂದು ದಾರಿಯೇ ನೌಕರರು ತಾವೇ ಆರಿಸಿಕೊಳ್ಳುವ ಪ್ರತಿನಿಧಿ. ಈ ವಾರ ಇದರ ಬಗ್ಗೆ ಚಿಂತಿಸೋಣ.

ಜೆರುಸಲೇಮಿನ ಮೊದಲ ಪಾಠ

ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 6ನೇ ಅಧ್ಯಾಯವನ್ನು ತೆರೆದು ನೋಡಿ. ಆದಿ ಕ್ರೈಸ್ತ ಸಮುದಾಯದಲ್ಲಿ ವಿಧವೆಯರಿಗೆ ದಿನದಿನವೂ ನೆರವು ಹಂಚಲಾಗುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಆರೈಕೆಯ ಸೇವೆ. ಗ್ರೀಕ್ ಮಾತನಾಡುವವರ ಕಡೆಯ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಪ್ರೇಷಿತರು ಏನು ಮಾಡಿದರು? ಗೊಣಗಿದವರನ್ನು ಗದರಿಸಲಿಲ್ಲ. ಇಡೀ ಸಮುದಾಯವನ್ನು ಕರೆದು, ಒಳ್ಳೆಯ ಹೆಸರಿರುವ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿ ಎಂದರು. ಆರಿಸಿದ ಏಳು ಮಂದಿಯ ಹೆಸರುಗಳೂ ಗ್ರೀಕ್ ಹೆಸರುಗಳೇ. ನೊಂದವರ ಭಾಷೆ ಬಲ್ಲವರನ್ನೇ ಜನರು ಮುಂದೆ ಮಾಡಿದರೆಂದು ಇದರಿಂದ ಊಹಿಸಬಹುದು. ಪ್ರೇಷಿತರು ಅವರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸಿ ಜವಾಬ್ದಾರಿಯನ್ನು ಒಪ್ಪಿಸಿದರು.

ಇಲ್ಲಿ ಮೂರು ಸಂಗತಿಗಳಿವೆ. ದೂರನ್ನು ಅಪರಾಧವೆಂದು ಎಣಿಸಲಿಲ್ಲ. ಆರಿಸಿದವರು ಜನರು, ಮೇಲಿನವರಲ್ಲ. ಆರಿಸಲ್ಪಟ್ಟವರಿಗೆ ಬರಿಯ ಹೆಸರಲ್ಲ, ನಿಜವಾದ ಅಧಿಕಾರ ದೊರೆಯಿತು. ಇವುಗಳಲ್ಲಿ ಒಂದು ತಪ್ಪಿದರೂ ಪ್ರತಿನಿಧಿ ಎಂಬುದು ಗೋಡೆಗೆ ಅಂಟಿಸಿದ ಹೆಸರಾಗಿ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ?

1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕಾರ್ಯ ಸಮಿತಿ ರಚಿಸುವಂತೆ ಸರ್ಕಾರ ಆದೇಶಿಸಲು ಅವಕಾಶವಿತ್ತು. ಆ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು. ಎರಡೂ ಕಡೆಯವರ ನಡುವೆ ಸೌಹಾರ್ದ ಬೆಳೆಸುವುದೇ ಅದರ ಕೆಲಸ.

ಆಸ್ಪತ್ರೆಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ನಮ್ಮ ಬೆಂಗಳೂರಿನ ಮೊಕದ್ದಮೆಯೊಂದರಿಂದಲೇ. ಬೆಂಗಳೂರು ನೀರು ಸರಬರಾಜು ಮಂಡಳಿ ದಂಡ ವಿಧಿಸಿದ ನೌಕರರ ಆ ವ್ಯಾಜ್ಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ತೀರ್ಪು ನೀಡಿತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಲಾಭದ ಉದ್ದೇಶವಿಲ್ಲದಿದ್ದರೂ, ಮಾಲೀಕರೂ ನೌಕರರೂ ಕೂಡಿ ಕ್ರಮಬದ್ಧವಾಗಿ ಜನರಿಗೆ ಸೇವೆ ಒದಗಿಸುವ ಕಡೆಗಳಿಗೆ ಈ ಕಾಯ್ದೆ ಅನ್ವಯಿಸುತ್ತದೆ, ಆಸ್ಪತ್ರೆಗಳೂ ಅದರಲ್ಲಿ ಸೇರುತ್ತವೆ ಎಂಬುದು ಅದರ ಸಾರ.

ಈಗ ಆ ಹಳೆಯ ಕಾಯ್ದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು, ಮಹಿಳೆಯರಿಗೂ ತಕ್ಕ ಸ್ಥಾನವಿರಬೇಕು ಎನ್ನುತ್ತದೆ ಈ ಸಂಹಿತೆ. ಆದರೆ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದ ಸಂಘಗಳು ನಡೆಸುವ ಸಂಸ್ಥೆಗಳನ್ನು ಅದು 'ಕೈಗಾರಿಕೆ' ಎಂಬ ಅರ್ಥದಿಂದ ಹೊರಗಿಟ್ಟಿದೆ.

ಪ್ರಿಯರೇ, ಇದನ್ನು ನಾವು ಗಮನವಿಟ್ಟು ಓದಬೇಕು. ನಮ್ಮ ಅನೇಕ ಸೇವಾಸಂಸ್ಥೆಗಳು ಹೀಗೆ ಹೊರಗುಳಿಯಬಹುದು. ಕಾನೂನು ಒತ್ತಾಯಿಸುವುದಿಲ್ಲವೆಂದು ನಾವು ಸುಮ್ಮನಿರಬಹುದೇ?

ಧರ್ಮಸಭೆಯ ಬೋಧನೆ

ಇರಬಾರದು ಎನ್ನುತ್ತದೆ ಧರ್ಮಸಭೆಯ ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಪ್ರಕಟಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನವು, ದುಡಿಯುವ ಎಲ್ಲರೂ ತಮ್ಮ ಸಂಸ್ಥೆಯ ಆಡಳಿತದಲ್ಲಿ ತಕ್ಕ ರೀತಿಯಲ್ಲಿ ಪಾಲ್ಗೊಳ್ಳಬೇಕೆಂದು ಹೇಳಿದೆ. ತಾವೇ ಮುಕ್ತವಾಗಿ ಆರಿಸಿದ ಪ್ರತಿನಿಧಿಗಳ ವಿಷಯವನ್ನೂ ಅದೇ ಜಾಗದಲ್ಲಿ ಹೇಳಿದೆ. ಯೌವನದಲ್ಲಿ ಕಲ್ಲುಗಣಿಯಲ್ಲೂ ಕಾರ್ಖಾನೆಯಲ್ಲೂ ದುಡಿದಿದ್ದ ಪೋಪ್ ಎರಡನೇ ಜಾನ್ ಪಾಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಮನುಷ್ಯನು ದೊಡ್ಡ ಯಂತ್ರದ ಒಂದು ಹಲ್ಲಾಗಿಬಿಡಬಾರದೆಂದು ಎಚ್ಚರಿಸಿದರು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಹೇಳುವ ಶರೀರದ ಉಪಮೆ ನಮಗೆಲ್ಲ ಗೊತ್ತು. ಬೆರಳಿಗೆ ಬಿಸಿ ತಾಗಿದ್ದು ತಲೆಗೆ ತಿಳಿಯದ ಶರೀರ ಬೇಗ ಸುಟ್ಟುಕೊಳ್ಳುತ್ತದೆ.

ನಮ್ಮ ನೆರೆಯಲ್ಲೇ ಇರುವ ಸುಮನಹಳ್ಳಿಯನ್ನು ನೆನೆಯಿರಿ. ಮಾಗಡಿ ರಸ್ತೆಯ ಈ ಕೇಂದ್ರ 1970ರ ದಶಕದ ಕೊನೆಯಲ್ಲಿ, ಮಹಾಧರ್ಮಾಧ್ಯಕ್ಷ ಆರೋಕ್ಯಸ್ವಾಮಿಯವರ ಕಾಲದಲ್ಲಿ, ಕುಷ್ಠರೋಗಿಗಳ ಪುನರ್ವಸತಿಗಾಗಿ ಹುಟ್ಟಿಕೊಂಡಿತು. ಔಷಧಿಯಷ್ಟೇ ಸಾಲದು, ಗುಣವಾದವರಿಗೆ ಕಸುಬೂ ಬೇಕು ಎಂಬುದು ಅಲ್ಲಿಯ ಸೇವೆಯ ಮುಖ್ಯ ಭಾಗ. ಆರೈಕೆ ಪಡೆದವರು ದುಡಿಯುವ ಕೈಗಳಾಗಬಲ್ಲರು ಎಂಬುದನ್ನು ಸುಮನಹಳ್ಳಿ ನಮಗೆ ಕಲಿಸಿದೆ. ಹಾಗಾದರೆ ದುಡಿಯುವ ಕೈಗಳು ಯೋಚಿಸುವ, ಸಲಹೆ ಕೊಡುವ ಮನಸ್ಸುಗಳೂ ಹೌದೆಂದು ಒಪ್ಪುವುದು ಕಷ್ಟವೇ?

ಪ್ರತಿನಿಧಿ ಹೇಗಿರಬೇಕು?

1. ಒಂದೊಂದು ವಿಭಾಗಕ್ಕೂ ಒಬ್ಬರಿರಲಿ. ನರ್ಸುಗಳ ಪ್ರತಿನಿಧಿಗೆ ಅಡುಗೆಮನೆಯ ಕಷ್ಟ ತಿಳಿಯದು. ರಾತ್ರಿ ಪಾಳಿಯವರನ್ನೂ ಗುತ್ತಿಗೆಯ ಮೇಲೆ ಬರುವ ಸ್ವಚ್ಛತೆಯವರನ್ನೂ ಮರೆಯಬಾರದು. ಎಲ್ಲರೂ ಮರೆಯುವುದು ಇವರನ್ನೇ.

2. ಆಯ್ಕೆ ನೌಕರರದೇ ಆಗಲಿ. ಕೈ ಎತ್ತಿಸುವುದಕ್ಕಿಂತ ಚೀಟಿ ಬರೆಸುವುದು ಲೇಸು. ಮೇಲಿನವರು ನೇಮಿಸಿದ ವ್ಯಕ್ತಿ ಎಷ್ಟೇ ಒಳ್ಳೆಯವರಾದರೂ ಜನರು ಅವರೆದುರು ಮನ ಬಿಚ್ಚುವುದಿಲ್ಲ.

3. ಪ್ರತಿನಿಧಿ ಮೊದಲು ಕೇಳುವವರಾಗಲಿ. ತಮ್ಮ ಸ್ವಂತ ಅಸಮಾಧಾನವನ್ನೇ ಎಲ್ಲರ ಮಾತೆಂದು ಹೇಳಬಾರದು. ಕಿವಿಗೆ ಬಿದ್ದ ಗುಟ್ಟನ್ನು ಹೆಸರು ಸಮೇತ ಮೇಲಕ್ಕೆ ಒಯ್ಯಲೂಬಾರದು.

4. ಸಭೆಗೆ ಗೊತ್ತಾದ ದಿನವಿರಲಿ. ಆ ಹೊತ್ತನ್ನು ಡ್ಯೂಟಿಯ ಹೊತ್ತೆಂದೇ ಲೆಕ್ಕ ಹಾಕಲಿ. ಮನೆಯಲ್ಲಿ ಮಕ್ಕಳಿರುವ ತಾಯಿ ಪಾಳಿ ಮುಗಿದ ಮೇಲೆ ಇನ್ನೊಂದು ಗಂಟೆ ಹೇಗೆ ನಿಂತಾರು?

5. ಎಲ್ಲಕ್ಕಿಂತ ಮುಖ್ಯವಾಗಿ ಉತ್ತರ ಹಿಂತಿರುಗಲಿ. "ಆಗುತ್ತದೆ" ಎಂದರೆ ಯಾವಾಗ, "ಆಗುವುದಿಲ್ಲ" ಎಂದರೆ ಏಕೆ, ಇವೆರಡನ್ನೂ ಬರೆದು ಎಲ್ಲರಿಗೂ ತಿಳಿಸಬೇಕು. ಕಾರಣ ಹೇಳಿದ 'ಇಲ್ಲ'ವನ್ನು ಜನರು ಸಹಿಸುತ್ತಾರೆ, ಉತ್ತರವೇ ಇಲ್ಲದ ಮೌನವನ್ನು ಸಹಿಸುವುದಿಲ್ಲ.

ಪ್ರತಿನಿಧಿಯು ಕಾರ್ಮಿಕ ಸಂಘಕ್ಕೆ ಬದಲಿಯಲ್ಲ. ಸಂಘ ಕಟ್ಟುವ ಹಕ್ಕು ಬೇರೆ, ಅದನ್ನೂ ಧರ್ಮಸಭೆ ಎತ್ತಿಹಿಡಿಯುತ್ತದೆ. ಲೈಂಗಿಕ ಕಿರುಕುಳದಂಥ ದೂರುಗಳನ್ನು ಪ್ರತಿನಿಧಿಯ ಹಂತದಲ್ಲಿ ರಾಜಿ ಮಾಡಿಸಲೂಬಾರದು. ಅದಕ್ಕೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆ ಆಂತರಿಕ ಸಮಿತಿ ಇರಲೇಬೇಕು. ಆಸ್ಪತ್ರೆಗಳಿಗೂ ಸೇವಾಸಂಸ್ಥೆಗಳಿಗೂ ಇದರಿಂದ ವಿನಾಯಿತಿಯಿಲ್ಲ.

ಸಂಸ್ಥೆ ನಡೆಸುವ ಧರ್ಮಭಗಿನಿಯರಿಗೂ ಗುರುಗಳಿಗೂ ಒಂದು ಮಾತು. "ನಾವೆಲ್ಲ ಒಂದೇ ಕುಟುಂಬ" ಎಂದು ನಾವು ಪ್ರೀತಿಯಿಂದ ಹೇಳುತ್ತೇವೆ. ಒಳ್ಳೆಯ ಕುಟುಂಬದಲ್ಲಿ ಚಿಕ್ಕವರೂ ಊಟದ ಹೊತ್ತಿಗೆ ಮಾತನಾಡುತ್ತಾರೆ. ಮಾತನಾಡಲು ಸ್ಥಳವಿಲ್ಲದ ಕಡೆ ಆ ಹೆಸರು ಸಲ್ಲದು.

ಮನೆಯಲ್ಲಿ ಚಿಂತಿಸಲು

ಕಾರ್ಮಿಕ ಯುವಜನರಿಗೆ ಕಾರ್ಡಿನಲ್ ಕಾರ್ಡೈನ್ ಅವರು ಕಲಿಸಿದ 'ನೋಡು, ವಿವೇಚಿಸು, ಕಾರ್ಯಮಾಡು' ಎಂಬ ಮೂರು ಹೆಜ್ಜೆಗಳಲ್ಲಿ ಸಾಗೋಣ.

ನೋಡು: ನಮ್ಮ ಮನೆಯವರೊಬ್ಬರು ಆರೈಕೆಯ ಕೆಲಸದಲ್ಲಿದ್ದರೆ, ಅಲ್ಲಿ ಅವರ ಮಾತು ಕೇಳುವವರು ಯಾರು? ನಮ್ಮ ಹಿರಿಯರು ಆಶ್ರಮದಲ್ಲಿದ್ದರೆ, ಅವರನ್ನು ನೋಡಿಕೊಳ್ಳುವವರ ಹೆಸರಾದರೂ ನಮಗೆ ಗೊತ್ತೇ?

ವಿವೇಚಿಸು: ಜೆರುಸಲೇಮಿನ ಮೂರು ಸಂಗತಿಗಳಲ್ಲಿ ಯಾವುದು ಅಲ್ಲಿದೆ, ಯಾವುದು ಇಲ್ಲ?

ಕಾರ್ಯಮಾಡು: ಈ ತಿಂಗಳು ಒಂದು ಹೆಜ್ಜೆ ಇಡೋಣ. ನೌಕರರಾದರೆ ಜೊತೆಯವರೊಡನೆ ಕೂತು ಒಬ್ಬರ ಹೆಸರನ್ನು ಸೂಚಿಸಿ. ಆಡಳಿತದಲ್ಲಿದ್ದರೆ ಮೊದಲ ಸಭೆಯ ದಿನ ಗೊತ್ತುಮಾಡಿ. ರೋಗಿಯ ಮನೆಯವರಾದರೆ, ಮುಂದಿನ ಸಲ ಹೋದಾಗ ಆಯಾ ಅವರನ್ನು "ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿ, ಅವರ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ.